ಎಂಬತ್ತರ ಕೆಳಗೆ

ಏಪ್ರಿಲ್ 6

ಗೂಬೆಗೆ,

ನಿನ್ನ ಪತ್ರ ಬಂತು. ಎರಡು ಹಾಳೆ ಮೋಡದ ವಿಷಯ, ಕೊನೆಗೆ ಒಂದೇ ಸಾಲು ಡಾಕ್ಟರ ವಿಷಯ. ಚಿಕ್ಕವನಿದ್ದಾಗಲೂ ಹೀಗೇ ಮಾಡುತ್ತಿದ್ದೆ. ಶಾಲೆಯ ಕಥೆಯನ್ನೆಲ್ಲ ಹೇಳಿ ಮುಗಿಸಿ, ಮಂಡಿ ಒಡೆದುಕೊಂಡದ್ದನ್ನು ಮಲಗುವ ಹೊತ್ತಿಗೆ ಬಾಯಿಬಿಡುತ್ತಿದ್ದೆ. ನಾನೀಗ ಆ ಒಂದು ಸಾಲನ್ನೇ ಹಿಡಿದು ಕೂತಿದ್ದೇನೆ. ಅಷ್ಟು ಎತ್ತರದ ಗಾಳಿ ನಿನ್ನ ಎದೆಗೆ ಇನ್ನು ಒಗ್ಗುವುದಿಲ್ಲ, ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸಿಕೊಳ್ಳುವ ಆ ಯಂತ್ರದಲ್ಲಿ ಅಂಕಿ ಎಂಬತ್ತರ ಕೆಳಗೆ ಇಳಿದರೆ ಮೊದಲು ಸಿಕ್ಕ ಗಾಡಿ ಹತ್ತಿ ಬೆಟ್ಟ ಇಳಿಯಬೇಕು. ಡಾಕ್ಟರು ಹೇಳಿದ್ದು ಇಷ್ಟು. ನೀನು ಹೇಳುವುದು, ಮುಂದಿನ ಮಾರ್ಚಿಗೆ ಪೂರ್ತಿ ಪಿಂಚಣಿ ಕೈಗೆ ಬರುತ್ತದೆ, ಅಲ್ಲಿಯವರೆಗೆ ಹೇಗೋ ತಳ್ಳುತ್ತೇನೆ ಅಂತ. ತಳ್ಳುವುದಕ್ಕೆ ನೀನೇನು ಕೆಟ್ಟು ನಿಂತ ಬಸ್ಸೇ?

ನನ್ನ ಯೋಚನೆ ಕೇಳು. ಶಾಲೆಯ ಕೆಲಸ ಬಿಟ್ಟಾಗ ನನಗೆ ಬಂದ ಹಣ ಇದೆ. ಖರ್ಚು ಮಾಡಲು ಒಂದು ಅಂಗಡಿಯೂ ಇಲ್ಲದ ಆ ಹವಾಮಾನ ಕೇಂದ್ರದಿಂದ ನೀನು ಕಳಿಸುತ್ತ ಬಂದ ಸಂಬಳ ಇದೆ. ಇಷ್ಟು ವರ್ಷ ಷೇರು ವ್ಯವಹಾರವನ್ನು ಅಂಜಿಕೊಂಡೇ ಮಾಡಿದವಳು ನಾನು. ಒಂದು ಸಲಕ್ಕೆ ನೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಕಳೆದುಕೊಳ್ಳುವಂತಿಲ್ಲ ಎಂಬ ನನ್ನ ನಿಯಮವನ್ನು ಒಂದು ದಿನವೂ ಮೀರಿಲ್ಲ. ಇನ್ನು ಸ್ವಲ್ಪ ಮನಸ್ಸಿಟ್ಟು ಮಾಡಿದರೆ, ಈಗಲೇ ಇಳಿದು ಬಂದರೆ ನಿನಗೆ ಆಗುವ ಪಿಂಚಣಿಯ ಕೊರತೆ ತುಂಬಿಕೊಳ್ಳುತ್ತದೆ. ಆಗ ನೀನು ವರ್ಷ ಮುಗಿಯುವ ಮೊದಲೇ ಇಲ್ಲಿ, ಟೈಲರ್ ಅಂಗಡಿಯ ಮೇಲಿನ ಈ ಮನೆಯಲ್ಲಿ, ನನ್ನ ತಲೆ ತಿನ್ನುತ್ತ ಇರಬಹುದು.

ಆದರೆ ಒಂದು ಕರಾರು. ಷೇರು ಕೊಂಡ ಕೂಡಲೇ ನಾವು ಸ್ಟಾಪ್ ಲಾಸ್ ಹಾಕಿಡುತ್ತೇವೆ. ಬೆಲೆ ಇಂಥ ಕಡೆಗೆ ಇಳಿದರೆ ನನ್ನನ್ನು ಕೇಳದೆ ಮಾರಿಬಿಡು ಎಂದು ಕಂಪ್ಯೂಟರಿಗೆ ಮೊದಲೇ ಹೇಳಿಡುವುದು, ಅಷ್ಟೇ. ತೊಂದರೆ ಏನೆಂದರೆ, ಹಾಕಿದ ಗೆರೆಯನ್ನು ಒಂದು ಬೆರಳು ಒತ್ತಿ ತೆಗೆಯಲೂಬಹುದು. ಬೆಲೆ ಇಳಿಯುವಾಗ ಆ ಬೆರಳು ನಮ್ಮ ಮಾತು ಕೇಳುವುದಿಲ್ಲ. ಅದಕ್ಕೆ ನನ್ನ ಗೆರೆಯನ್ನು ನಿನಗೆ ಬರೆದು ತಿಳಿಸುತ್ತೇನೆ. ಅಲ್ಲಿ ಫೋನು ಸಿಗುವುದಿಲ್ಲ, ನಿಮ್ಮ ಜೀಪು ಹದಿನೈದು ದಿನಕ್ಕೊಮ್ಮೆ ಬೆಟ್ಟ ಹತ್ತುತ್ತದೆ. ಅದರಲ್ಲಿ ಹೋದ ಅಂಕಿಯನ್ನು ನಾನು ಓಡಿ ಹಿಡಿದು ತಿದ್ದಲಾರೆ. ನಿನ್ನ ಎಂಬತ್ತನ್ನು ನಾನು ಕಾಯುತ್ತೇನೆ, ನನ್ನದನ್ನು ನೀನು ಕಾಯಿ. ಪ್ರತಿ ಪತ್ರದ ಕೊನೆಗೆ ಬೆರಳಿನ ಅಂಕಿ ಬರಿ.

ಅಕ್ಕ

ಏಪ್ರಿಲ್ 21

ಅಕ್ಕಾ,

ಕರಾರು ಒಪ್ಪಿದೆ. ನಿನ್ನ ಅಂಕಿ ನನ್ನಲ್ಲಿ ಭದ್ರವಾಗಿರುತ್ತದೆ. ಯಂತ್ರ ತೋರಿಸಿದ್ದನ್ನು ತಿದ್ದಿ ಬರೆಯುವುದು ನಮ್ಮ ಕೆಲಸದಲ್ಲಿ ಕಳ್ಳತನಕ್ಕೆ ಸಮ. ಹೊಸದಾಗಿ ಬಂದಾಗ ಒಂದು ಸಲ ಸೋಮಾರಿತನದಿಂದ ಹಿಂದಿನ ದಿನದ ಉಷ್ಣಾಂಶವನ್ನೇ ಬರೆದು, ಮೇಲಧಿಕಾರಿಯಿಂದ ಹೇಗೆ ಕಿವಿ ಹಿಂಡಿಸಿಕೊಂಡೆ ಎಂಬುದು ನಿನಗೆ ನೆನಪಿರಬೇಕು.

ಇವತ್ತು ಬೆಳಿಗ್ಗೆ ಮೈನಸ್ ಆರು ಪಾಯಿಂಟ್ ನಾಲ್ಕು. ಗಾಳಿ ಪಶ್ಚಿಮದಿಂದ. ಬಲೂನು ಬಿಟ್ಟೆ. ಅದಕ್ಕೆ ಕಟ್ಟಿದ ಪೆಟ್ಟಿಗೆ ಮೇಲೇರುತ್ತ ಏರುತ್ತ ತಾನು ಕಂಡ ಚಳಿಯನ್ನು, ಒತ್ತಡವನ್ನು ರೇಡಿಯೋದಲ್ಲಿ ಹೇಳುತ್ತ ಹೋಗುತ್ತದೆ. ಒಂದು ಎತ್ತರದಲ್ಲಿ ಬಲೂನು ಒಡೆಯುತ್ತದೆ. ಆಮೇಲೆ ಪೆಟ್ಟಿಗೆ ಸಣ್ಣ ಪ್ಯಾರಾಚೂಟಿನಲ್ಲಿ ನಿಧಾನವಾಗಿ ಎಲ್ಲೋ ಇಳಿಯುತ್ತದೆ. ಎಲ್ಲಿ ಇಳಿಯಿತೆಂದು ಹುಡುಕಲು ಯಾರೂ ಹೋಗುವುದಿಲ್ಲ. ಇಷ್ಟು ವರ್ಷ ನಾನು ಬಿಟ್ಟ ಪೆಟ್ಟಿಗೆಗಳೆಲ್ಲ ಯಾವುದೋ ಒಂದೇ ಬಯಲಿನಲ್ಲಿ ಸಾಲಾಗಿ ಮಲಗಿರುವಂತೆ ಆಗಾಗ ಕನಸು ಬೀಳುತ್ತದೆ.

ಇಲ್ಲಿ ಈಗ ಇಬ್ಬರೇ, ನಾನು ಮತ್ತು ಅಡುಗೆಯವರು. ಅವರು ಅಂಕಿಗಳನ್ನು ನಂಬುವುದಿಲ್ಲ. ಕಿಟಕಿ ತೆಗೆದು ಮೂಗು ಹೊರಗೆ ಚಾಚಿ ನಾಳೆಯ ಹವೆ ಹೇಳುತ್ತಾರೆ, ಮೂರಕ್ಕೆ ಎರಡು ಸಲ ತಪ್ಪುತ್ತಾರೆ, ಆದರೂ ಬಿಡುವುದಿಲ್ಲ.

ಪಿಂಚಣಿಯ ವಿಷಯಕ್ಕೆ ನೀನು ತಲೆ ಕೆಡಿಸಿಕೊಳ್ಳಬೇಡ. ನಿನಗೆ ಭಾರವಾಗಿ ಬಂದು ಕೂರಲು ನನಗೆ ಇಷ್ಟವಿಲ್ಲ.

ಬೆರಳು: 86.

ನಿನ್ನ ತಮ್ಮ

ಮೇ 5

ಗೂಬೆಗೆ,

ಭಾರವಂತೆ. ಊಟ ಮಾಡಿದ ಮೇಲೂ ಗಾಳಿಗೆ ಹಾರಿಹೋಗುವಂತಿರುವ ನೀನು ಭಾರವಂತೆ.

ಕೊಂಡಿದ್ದೇನೆ. ಸಮುದ್ರದ ತಳದಲ್ಲಿ ತಂತಿ ಹಾಸುವ ಕಂಪನಿ. ಒಂದೊಂದು ಷೇರಿಗೆ ನೂರ ಎಂಬತ್ತು. ಸ್ಟಾಪ್ ಲಾಸ್ ನೂರ ಅರವತ್ತೆಂಟು. ಬರೆದುಕೋ, ನೂರ ಅರವತ್ತೆಂಟು. ಅದರ ಕೆಳಗೆ ಒಂದು ದಿನವೂ ಅದು ನನ್ನ ಕೈಯಲ್ಲಿರುವುದಿಲ್ಲ. ಎಷ್ಟು ಕೊಂಡೆ ಎಂದು ಮಾತ್ರ ಕೇಳಬೇಡ, ಅದು ನನ್ನ ಕೆಲಸ. ಅದರಲ್ಲಿ ನೀನು ಮೂಗು ತೂರಿಸಬೇಡ.

ಮಾರುಕಟ್ಟೆ ಮುಚ್ಚಿದ ಮೇಲೆ ಮಧ್ಯಾಹ್ನ ಅರ್ಧ ತಾಸು ಮಲಗುತ್ತೇನೆ. ಕೆಳಗೆ ಟೈಲರ್ ಮಷಿನ್ ಓಡಿಸುತ್ತಿರುತ್ತಾನೆ, ನೆಲದ ಮೂಲಕ ಆ ಸದ್ದು ಮಂಚದ ಕಾಲಿಗೆ ಬರುತ್ತದೆ. ನಿನ್ನೆ ಆ ಸದ್ದಿನಲ್ಲೇ ಕನಸು ಬಿತ್ತು. ಸ್ಕ್ರೀನಿನ ಮೇಲೆ ಬೆಲೆಯ ಗೆರೆ ಏರಿಳಿಯುತ್ತದಲ್ಲ, ಅದೇ ಬೆಟ್ಟವಾಗಿತ್ತು. ನೀನು ಅದರ ಅಂಚಿನಲ್ಲಿ ನಡೆದು ಬರುತ್ತಿದ್ದೆ, ಶಾಲೆಯ ಚೀಲ ಹಾಕಿಕೊಂಡು. ಕೆಳಗಿನಿಂದ ನಾನು ಕೂಗುತ್ತಿದ್ದೆ, ಬಗ್ಗಿ ನೋಡಬೇಡ ಅಂತ. ನೀನು ಬಗ್ಗಿ ನೋಡಿ ನಕ್ಕೆ. ಎದ್ದ ಮೇಲೂ ಸ್ವಲ್ಪ ಹೊತ್ತು ನನಗೆ ಸಂತೋಷವೇ ಇತ್ತು.

ಒಳಗಿನ ಕೋಣೆಯ ಹಳೆಯ ಕಪಾಟು ಮಾರಿದೆ. ಅಲ್ಲಿ ಈಗ ಒಂದು ಮಂಚಕ್ಕೆ ಜಾಗ ಆಗಿದೆ. ಸುಮ್ಮನೆ ಹೇಳಿದೆ.

ಅಕ್ಕ

ಮೇ 19

ಅಕ್ಕಾ,

ನೂರ ಅರವತ್ತೆಂಟು. ಗೋಡೆಯ ಮೇಲೆ, ಮಂಚದ ತಲೆಯ ಹತ್ತಿರ, ಪೆನ್ಸಿಲಿನಲ್ಲಿ ಬರೆದುಕೊಂಡೆ.

ಈ ದಿನಗಳು ಎಷ್ಟು ಚೆನ್ನಾಗಿವೆ ಎಂದು ಹೇಗೆ ಹೇಳಲಿ. ಬೆಳಿಗ್ಗೆ ಬಾಗಿಲು ತೆರೆದರೆ ಮೋಡ ಒಳಗೆ ಬರುತ್ತದೆ, ನೆಂಟರ ಹಾಗೆ, ಚಪ್ಪಲಿ ಬಿಡದೆ. ಮೇಜು ಕಾಣುವುದಿಲ್ಲ, ಬೆಕ್ಕಿನ ಬಾಲ ಮಾತ್ರ ಕಾಣುತ್ತದೆ. ನಮ್ಮಲ್ಲಿ ಬೆಕ್ಕು ಇಲ್ಲವೆಂದು ಅಡುಗೆಯವರು ಹೇಳುತ್ತಾರೆ. ಇರಬಹುದು. ಎಲ್ಲವೂ ಮೆತ್ತಗಿದೆ, ನಿಧಾನವಾಗಿದೆ. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತೇನೆ, ಆಯಾಸಕ್ಕಲ್ಲ, ಅಲ್ಲಿ ಕೂರುವುದೇ ಚೆನ್ನಾಗಿದೆ.

ಮೊನ್ನೆ ಅಪ್ಪ ಬಂದು ಮಂಚದ ತುದಿಯಲ್ಲಿ ಕೂತಿದ್ದರು. ಕನ್ನಡಕ ಒರೆಸಿಕೊಂಡರು, ಟೈಮ್ ಎಷ್ಟು ಎಂದು ಕೇಳಿದರು, ಹೋದರು. ಅವರು ಹೋದ ಮೇಲೆ ಹಾಸಿಗೆ ಆ ಕಡೆ ತಗ್ಗಾಗಿತ್ತು. ನನಗೆ ಭಯವೇ ಆಗಲಿಲ್ಲ. ನೀನೂ ಇದ್ದಿದ್ದರೆ ಚೆನ್ನಾಗಿತ್ತು.

ಇವತ್ತು ಬಲೂನು ಬಿಟ್ಟೆನೇ? ಬಿಟ್ಟೆ.

ಬೆರಳು: 86.

ನಿನ್ನ ತಮ್ಮ

ಜೂನ್ 2

ಗೂಬೆಗೆ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಅಪ್ಪನ ಸಾಲಿಗೆ ಬಂದಾಗಲೆಲ್ಲ ನಿಂತೆ. ತೀರಿಕೊಂಡ ಮೇಲೆ ನನ್ನ ಹತ್ತಿರ ಅವರು ಒಂದು ಸಲವೂ ಬಂದಿಲ್ಲ, ಮಗಳನ್ನು ಮರೆತರೆಂದು ಕಾಣುತ್ತದೆ. ಓದಿ ಮುಗಿಸಿದಾಗ ಒಂದು ಯೋಚನೆ ಬಂತು. ನೀನು ಅಲ್ಲಿ ಇಷ್ಟು ಸುಖವಾಗಿದ್ದೀ. ಕೆಳಗೆ ಬಾ, ಕೆಳಗೆ ಬಾ ಎಂದು ನಾನು ಎಳೆಯುತ್ತಿರುವುದು ನಿನ್ನ ಎದೆಗಾಗಿಯೋ, ಇಲ್ಲಿ ಒಬ್ಬಳೇ ಕೂತು ಬೇಸತ್ತಿರುವ ನನಗಾಗಿಯೋ? ಗೊತ್ತಾಗುತ್ತಿಲ್ಲ.

ಈಗ ಬೈಸಿಕೊಳ್ಳುವ ವಿಷಯ. ಬೆಲೆ ಇಳಿಯಿತು. ನೂರ ಅರವತ್ತೊಂಬತ್ತಕ್ಕೆ ಬಂದು ನಿಂತಾಗ ನನ್ನ ಕೈ ಸ್ಟಾಪ್ ಲಾಸನ್ನು ತೆಗೆದುಹಾಕಿತು. ಕೈ ಎನ್ನುತ್ತೇನೆ, ನಾನೇ. ಒಂದು ರೀತಿಯಲ್ಲಿ ಸರಿ ಅನಿಸಿತು. ಕಂಪನಿ ಒಳ್ಳೆಯದು, ಇವತ್ತು ಇಳಿದದ್ದು ನಾಳೆ ಏರುತ್ತದೆ, ಇಷ್ಟಕ್ಕೆಲ್ಲ ಹೆದರಿ ಮಾರಿದರೆ ನಿನ್ನನ್ನು ಯಾವಾಗ ಕರೆತರಲಿ ಎಂದೆಲ್ಲ ನನಗೆ ನಾನೇ ಪಾಠ ಮಾಡಿದೆ. ಇಷ್ಟು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ಒಂದು ಕಳೆಯುವ ಲೆಕ್ಕದಲ್ಲಿ ಎಡವಿದೆ. ಇವತ್ತು ನೂರ ಅರವತ್ತೊಂದು.

ಇನ್ನೂ ಒಂದಿದೆ. ನೂರರಲ್ಲಿ ಎರಡು ಭಾಗದ ನಿಯಮ ಮೀರಿದ್ದೇನೆ. ನಮ್ಮ ಹಣದಲ್ಲಿ ಅರ್ಧ ಈ ಒಂದೇ ಕಂಪನಿಯಲ್ಲಿದೆ. ನಿಯಮದ ಪ್ರಕಾರ ಹೋದರೆ ನಿನ್ನ ಪಿಂಚಣಿಯ ಕೊರತೆ ತುಂಬಲು ಮೂರು ವರ್ಷ ಬೇಕಾಗಿತ್ತು. ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ನೂರ ಐವತ್ತಕ್ಕೆ ಹೊಸ ಗೆರೆ ಹಾಕಲೇ? ಕಾಯುವವನು ನೀನು, ನೀನೇ ಹೇಳು. ಬೇಡ ಎಂದರೆ ನಾಳೆಯೇ ಮಾರುತ್ತೇನೆ, ಆಣೆ.

ಅಕ್ಕ

ಜೂನ್ 16

ಅಕ್ಕಾ,

ಹಾಕು. ನೂರ ಐವತ್ತು ಚೆನ್ನಾಗಿದೆ. ನೂರ ನಲವತ್ತಾದರೂ ಪರವಾಗಿಲ್ಲ. ಗೋಡೆಯ ಮೇಲಿನ ಅಂಕಿಯನ್ನು ಬೆರಳಿನಿಂದ ಒರೆಸಿದೆ, ಹೊಸದನ್ನು ಬರೆಯಲು ಪೆನ್ಸಿಲ್ ಸಿಗಲಿಲ್ಲ. ಇರಲಿ, ನೆನಪಿಟ್ಟುಕೊಳ್ಳುತ್ತೇನೆ.

ನೀನು ಅವಸರ ಮಾಡಬೇಡ. ಬೆಲೆ ಮೇಲೆ ಬರುವವರೆಗೆ ನಾನು ಇಲ್ಲೇ ಇರುತ್ತೇನೆ. ನನಗೇನೂ ಆಗಿಲ್ಲ. ಇಲ್ಲಿ ಇಳಿಯುವುದು ಏರುವುದು ಎಲ್ಲ ಒಂದೇ ರೀತಿ ಕಾಣುತ್ತದೆ. ಇವತ್ತು ಮೋಡ ಒಳಗೆ ಬಂದು ಕುರ್ಚಿಯ ಮೇಲೆ ಕೂತಿತು. ನಾನು ಎದ್ದು ಜಾಗ ಕೊಟ್ಟೆ. ಅಡುಗೆಯವರು ನನ್ನ ಬೂಟಿನ ಲೇಸು ಕಟ್ಟಿದರು, ಯಾಕೋ ಇವತ್ತು ಬೆರಳುಗಳಿಗೆ ಗಂಟು ಮರೆತುಹೋಗಿತ್ತು. ಇಬ್ಬರೂ ನಕ್ಕೆವು.

ಮೇಲಿನಿಂದ ನೋಡಿದರೆ ನಿನ್ನ ಮನೆ ಕಾಣುತ್ತದೆ ಗೊತ್ತೇ? ಟೈಲರ್ ಅಂಗಡಿಯ ದೀಪ ಕಾಣುತ್ತದೆ. ನೀನು ಕಿಟಕಿಯಲ್ಲಿ ನಿಂತು ತಲೆ ಬಾಚಿಕೊಳ್ಳುವುದೂ ಕಾಣುತ್ತದೆ. ಕೂದಲು ಇನ್ನೂ ಕಪ್ಪಗಿದೆ.

ಇವತ್ತು ಮೋಡ ಒಳಗೆ ಬಂದು ಕುರ್ಚಿಯ ಮೇಲೆ ಕೂತಿತು.

ಬೆರಳು: 86.

ಜೂನ್ 19

ಗೂಬೆ,

ಈ ಪತ್ರ ತಂದ ಜೀಪಿನಲ್ಲೇ ಹತ್ತಿ ಕೂರು. ಮೊದಲು ಹತ್ತು, ಆಮೇಲೆ ಓದು.

ಹತ್ತಿದೆಯಾ? ಈಗ ಕೇಳು. ನಿನ್ನ ಪತ್ರ ನಿನ್ನೆ ಬಂತು. ಓದಿದ ಕೂಡಲೇ ನನಗೆ ಸಮಾಧಾನವೇ ಆಯಿತು, ಹೇಳಲು ನಾಚಿಕೆಯಾಗುತ್ತದೆ. ನೂರ ನಲವತ್ತಾದರೂ ಪರವಾಗಿಲ್ಲ ಎಂದಿದ್ದೆಯಲ್ಲ. ತಮ್ಮನೇ ಒಪ್ಪಿದನಲ್ಲ ಎಂದು ಟೀ ಮಾಡಿಕೊಂಡು ಕುಡಿದೆ. ಅರ್ಧ ಲೋಟ ಮುಗಿದಿರಲಿಲ್ಲ, ಆಗ ಹೊಳೆಯಿತು. ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕೂ ಜಗಳ ತೆಗೆಯುವ ನನ್ನ ತಮ್ಮ, ಬರೆದಿಟ್ಟ ಅಂಕಿಯನ್ನು ಬೆರಳಿನಿಂದ ಒರೆಸಿದನೇ? ನನ್ನ ಗೆರೆಯನ್ನು ಇಷ್ಟು ಸಲೀಸಾಗಿ ಇಳಿಸಿದವನು ತನ್ನ ಗೆರೆಯನ್ನು ಇಳಿಸದೆ ಬಿಟ್ಟಾನೇ?

ನಿನ್ನ ಮೂರೂ ಪತ್ರ ತೆಗೆದು ಹಾಸಿಗೆಯ ಮೇಲೆ ಹರಡಿದೆ. ಎಂಬತ್ತಾರು, ಎಂಬತ್ತಾರು, ಎಂಬತ್ತಾರು. ದಿನವಿಡೀ ಅಂಕಿಗಳ ಮುಂದೆ ಕೂರುವವಳು ನಾನು. ಅಂಕಿ ಒಂದೆರಡಾದರೂ ಅತ್ತಿತ್ತ ಆಗದೆ ಇರುವುದು ಮುಚ್ಚಿದ ಅಂಗಡಿಯಲ್ಲಿ ಮಾತ್ರ. ನೀನು ಹೇಳಿದ ಆ ಹಳೆಯ ಕಳ್ಳತನ, ಹಿಂದಿನ ದಿನದ್ದನ್ನೇ ಬರೆಯುವುದು, ನನ್ನ ಮೇಲೆ ಮಾಡಿದೆಯಲ್ಲೋ. ಅದು ಗೊತ್ತಾದ ಮೇಲೆ ಮತ್ತೆ ಓದಿದೆ. ಇಲ್ಲದ ಬೆಕ್ಕು, ಅಪ್ಪ, ಗಂಟು ಮರೆತ ಬೆರಳು, ಒಂದೇ ಸಾಲು ಎರಡು ಸಲ. ಅಷ್ಟು ದೂರದಿಂದ ನನ್ನ ಕೂದಲು ಕಂಡಿತಂತೆ, ಅದೂ ಕಪ್ಪಗೆ. ನೀನು ಸುಖವಾಗಿದ್ದೀ ಎಂದು ನಾನು ಹೊಟ್ಟೆಕಿಚ್ಚು ಪಟ್ಟೆ. ಅದು ಸುಖವಲ್ಲ ಗೂಬೆ, ನಿನಗೆ ಉಸಿರು ಸಾಲುತ್ತಿಲ್ಲ.

ಜೀಪಿನ ಡ್ರೈವರನ್ನು ಹುಡುಕಿಕೊಂಡು ಹೋದೆ. ಹೇಗಿದ್ದಾನೆ ಎಂದು ಕೇಳಿದೆ. ಅವನು ಗಾಡಿ ಒರೆಸುತ್ತಲೇ ಹೇಳಿದ, "ಚೆನ್ನಾಗೇ ಇದ್ದಾರೆ ಟೀಚರಮ್ಮ, ತುಂಬ ಮರ್ಯಾದೆ. ಹೋದ ಸಲ ನನ್ನನ್ನ ಊಟಕ್ಕೆ ಎರಡು ಸಲ ಕರೆದ್ರು. ಒಂದು ಸಲ ಊಟ ಆದ ಮೇಲೆ." ಆಮೇಲೆ ಬಟ್ಟೆ ಕೆಳಗಿಟ್ಟು, ತುಟಿ ನೀಲಿ ಇತ್ತು, ಚಳಿ ಅಂದುಕೊಂಡೆ ಎಂದ.

ಅಲ್ಲಿಂದ ನೇರ ಮನೆಗೆ ಬಂದು ಇದ್ದಬದ್ದ ಷೇರನ್ನೆಲ್ಲ ಮಾರಿದೆ. ನೂರ ಐವತ್ತೆರಡಕ್ಕೆ ಹೋಯಿತು. ಇನ್ನೆರಡು ದಿನ ಕಾಯಬಹುದಿತ್ತೇನೋ. ಆದರೆ ಆ ಷೇರು ನನ್ನ ಕೈಯಲ್ಲಿರುವವರೆಗೆ ನೀನು ಕೆಳಗಿಳಿಯುವುದಿಲ್ಲ ಎಂದು ನೀನೇ ಬರೆದಿದ್ದೀ. ನನ್ನ ಗೆರೆಯನ್ನು ನಾನೇ ಅಳಿಸಿಕೊಂಡು, ನಿನಗೆ ಯಾವ ಬಾಯಲ್ಲಿ ಬುದ್ಧಿ ಹೇಳಲಿ? ಈಗ ಹೇಳಬಲ್ಲೆ. ನಷ್ಟ ಆಗಿದೆ, ಮುಳುಗಿಲ್ಲ. ಉಳಿದದ್ದು ಮತ್ತು ನಿನ್ನ ಅರ್ಧ ಪಿಂಚಣಿ ಸೇರಿದರೆ ಇಬ್ಬರು ಬಿಗಿಯಾಗಿ ಬದುಕಬಹುದು. ಬಿಗಿಯಾಗಿ ಬದುಕಿ ನಮಗೇನು ಅಭ್ಯಾಸವಿಲ್ಲವೇ?

ಆಮೇಲೆ ನಿಮ್ಮ ಕಚೇರಿಗೆ ಹೋಗಿ ಸಾಹೇಬರ ಎದುರು ಕೂತೆ. ಜೀಪಿಗೆ ಇನ್ನೂ ಹತ್ತು ದಿನ ಇದೆ ಎಂದರು. ನಾನು ಏಳಲಿಲ್ಲ. ಅವರು ಟೀ ತರಿಸಿದರು, ಕುಡಿದೆ, ಏಳಲಿಲ್ಲ. ಕೊನೆಗೆ ಅವರೇ ಎದ್ದು ಆರ್ಡರ್ ಬರೆದರು, ರೇಡಿಯೋದಲ್ಲಿ ಅಡುಗೆಯವರಿಗೂ ತಿಳಿಸಿದರು.

ಡ್ರೈವರಿಗೆ ಹೇಳಿದ್ದೇನೆ, ನೀನಿಲ್ಲದೆ ಅವನು ಗಾಡಿ ತಿರುಗಿಸುವುದಿಲ್ಲ. ನನಗೆ ನೀನು ಬೇಕು. ಪಿಂಚಣಿ ಬೇಡ, ಮೋಡದ ವರ್ಣನೆ ಬೇಡ, ನೀನು ಬೇಕು.

ಅಕ್ಕ

ಜುಲೈ 9

ಗೂಬೆಗೆ,

ಮನೆ ತಲುಪಿದೆ. ನಿನ್ನನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಲು ಕಾಲು ಬರಲಿಲ್ಲ, ಆದರೆ ನೀನು ಬರುವ ಮೊದಲು ಒಳಕೋಣೆಗೆ ಸುಣ್ಣ ಹೊಡೆಸಬೇಕು. ಟೈಲರ್ ತಾನೇ ಕಿಟಕಿಗೆ ಪರದೆ ಹೊಲಿದು ಕೊಟ್ಟ. ಬಣ್ಣ ಕೇಳಬೇಡ, ಯಾರದೋ ಕೋಟಿನ ಉಳಿದ ಬಟ್ಟೆ.

ಮೂಗಿಗೆ ನಳಿಕೆ ಹಾಕಿಕೊಂಡು ನೀನು ಮಲಗಿದ್ದುದನ್ನು ನೋಡುತ್ತ ಎರಡು ವಾರ ಕೂತಿದ್ದೆ. ಬಂದಾಗ ಅರವತ್ತೆಂಟಿತ್ತಂತೆ. ಇನ್ನು ಹತ್ತು ದಿನ ತಡವಾಗಿದ್ದರೆ ಎಂದು ಶುರು ಮಾಡಿದ ಡಾಕ್ಟರು, ನನ್ನ ಮುಖ ನೋಡಿ ನಿಲ್ಲಿಸಿದರು. ಅಲ್ಲಿ ನಾನು ಅಳಲಿಲ್ಲ. ಬಸ್ಸಿನಲ್ಲಿ ಅತ್ತೆ. ಪಕ್ಕದವಳು ಕಿಟಕಿ ಸೀಟು ಬಿಟ್ಟುಕೊಟ್ಟಳು.

ಎಚ್ಚರವಾದಾಗ ನೀನು ಕೇಳಿದ್ದು ಒಂದೇ ಮಾತು, "ಷೇರು?" ಆಗ ಮಾತಾಡಬೇಡ ಎಂದು ಬಾಯಿ ಮುಚ್ಚಿಸಿದೆ. ಈಗ ಬರೆಯುತ್ತೇನೆ, ನೀನು ಸುಮ್ಮನೆ ಕೊರಗಬಾರದಲ್ಲ. ಆ ಕಂಪನಿ ನಾವು ಮಾರಿದ ಮೇಲೆ ಇನ್ನೂ ಇಳಿಯಿತು. ಈಗ ನೂರ ಹತ್ತು. ಯಾವುದೋ ಹಡಗು ಕೆಟ್ಟಿತಂತೆ, ತಂತಿ ತುಂಡಾಯಿತಂತೆ, ದೊಡ್ಡ ಗಲಾಟೆ. ನೀನು ಕಾಯಿಲೆ ಬಿದ್ದು ನನ್ನನ್ನು ಉಳಿಸಿದೆ ಎಂದೇ ತಿಳಿದುಕೋ. ಒಳ್ಳೆಯ ಹೊತ್ತಿಗೆ ಮಾರಿದೆ ಎಂದು ದಿನಕ್ಕೊಂದು ಸಲ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೇನೆ.

ಔಷಧಿ ತಪ್ಪಿಸಬೇಡ. ಬೆರಳಿನ ಅಂಕಿಯನ್ನು ಇನ್ನು ನೀನು ಬರೆಯುವುದು ಬೇಡ, ನರ್ಸಿನ ಕೈಯಲ್ಲಿ ಬರೆಸು.

ಅಕ್ಕ

ಜುಲೈ 17

ಅಕ್ಕಾ,

ಫೋನು ವರಾಂಡದ ಕೊನೆಯಲ್ಲಿದೆ, ಅಲ್ಲಿಗೆ ನಡೆದು ಹೋದರೆ ಮಾತಾಡಲು ಉಸಿರು ಉಳಿಯುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಕೆಳಗಿನ ಅಂಕಿ ನರ್ಸ್ ಬರೆದದ್ದು.

ಮೇ ತಿಂಗಳ ಪತ್ರ ಬರೆದ ದಿನ ಯಂತ್ರ ಎಪ್ಪತ್ತೇಳು ತೋರಿಸಿತ್ತು. ನಾನು ಎಂಬತ್ತಾರು ಬರೆದೆ. ಇಳಿದು ಬಂದರೆ ನನ್ನ ಕೊರತೆ ತುಂಬಲು ನೀನು ಇರುವುದನ್ನೆಲ್ಲ ಪಣಕ್ಕಿಡುತ್ತೀ ಎಂಬ ಹೆದರಿಕೆ. ನೀನು ಆಗಲೇ ಅರ್ಧ ಇಟ್ಟುಬಿಟ್ಟಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಜೂನಿನಲ್ಲಿ ಯಂತ್ರ ಏನು ತೋರಿಸಿತು ಎಂದು ಹೇಳಲಾರೆ. ನೋಡಿದ ನೆನಪೇ ಇಲ್ಲ.

ಈಗ ಕನಸು ಬೀಳುವುದಿಲ್ಲ. ಅಪ್ಪನೂ ಬರುವುದಿಲ್ಲ. ಕುರ್ಚಿ ಕುರ್ಚಿಯ ಹಾಗೇ ಇದೆ. ಮೊದಲ ಎರಡು ದಿನ ಅದಕ್ಕೆ ಬೇಜಾರಾಗಿತ್ತು, ನಿನಗೆ ಹೇಳದೆ ಇರಲಾರೆ. ಅಲ್ಲಿ ಎಲ್ಲವೂ ಅಷ್ಟು ಹಗುರವಾಗಿತ್ತು. ಈಗ ತೋಳು ಭಾರ, ರೆಪ್ಪೆ ಭಾರ, ಹಸಿವೂ ಭಾರ. ಬೆಳಿಗ್ಗೆ ಎರಡು ಸಲ ತಿಂಡಿ ಕೇಳಿ ತಿಂದೆ.

ಪಕ್ಕದ ಹಾಸಿಗೆಯವರು ರಿಟೈರಾದ ಅಂಚೆಯವರು. ದಿನಾ ಪತ್ರಿಕೆ ತರಿಸುತ್ತಾರೆ. ಪದಬಂಧ ತುಂಬಿ ನನಗೆ ಕೊಡುತ್ತಾರೆ. ಅದೇ ಪುಟದ ಹಿಂದುಗಡೆ ಷೇರುಗಳ ಬೆಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿನ್ನೆ ನೋಡಿದೆ, ಇವತ್ತೂ ನೋಡಿದೆ. ನಿನ್ನ ತಂತಿ ಕಂಪನಿ ಇನ್ನೂರ ಹನ್ನೊಂದು. ಹಡಗು ಕೆಟ್ಟ ಸುದ್ದಿ ಯಾವ ಪುಟದಲ್ಲೂ ಇಲ್ಲ.

ಮಾರದೆ ಒಂದು ತಿಂಗಳು ಸುಮ್ಮನಿದ್ದಿದ್ದರೆ ನನ್ನ ಕೊರತೆಯೆಲ್ಲ ತುಂಬುತ್ತಿತ್ತು. ಆ ತಿಂಗಳು ಮುಗಿಯುವಾಗ ನಾನು ಇರುತ್ತಿರಲಿಲ್ಲ. ಇದು ನಿನಗೂ ಗೊತ್ತು, ಅದಕ್ಕೇ, ನಾನು ಕೊರಗಬಾರದೆಂದು, ಇಲ್ಲದ ಹಡಗನ್ನು ಕೆಡಿಸಿದ್ದೀ. ನಿನ್ನ ಪತ್ರವನ್ನು ಮಡಚಿ, ಮತ್ತೆ ಬಿಚ್ಚಿ ಓದಿದೆ. ಅಂಚೆಯವರು ಕೆಟ್ಟ ಸುದ್ದಿಯೇ ಎಂದು ಕೇಳಿದರು. ಅಲ್ಲ, ಅಕ್ಕ ಬರೆದದ್ದು ಎಂದೆ.

ಸೋಮವಾರ ಬಿಡುತ್ತಾರೆ. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಸ್ಟಾಂಡಿಗೆ ಬಾ, ಪೆಟ್ಟಿಗೆ ಎತ್ತಲು ನನ್ನಿಂದ ಇನ್ನೂ ಆಗುವುದಿಲ್ಲ. ಇಬ್ಬರಿಗೂ ಕಾಗದದ ಮೇಲೆ ಸುಳ್ಳು ಹೇಳಲು ಬರುವುದಿಲ್ಲ ಅಕ್ಕಾ. ಇನ್ನು ಹೇಳುವುದಿದ್ದರೆ ಎದುರಿಗೆ ಕೂತು ಹೇಳು. ನಂಬುತ್ತೇನೆ.

ಬೆರಳು: 93.

ನಿನ್ನ ತಮ್ಮ